ಖಾಲಿ ಮನೆಗಳ ನಲ್ಲಿ

ಹಲಬರ್ಗಾದ ನಮ್ಮ ಓಣಿಗೆ ನೀರಿನ ಮೀಟರ್ ಕೂಡಿಸಿದ ಮೆಕ್ಯಾನಿಕ್ ಮಾತಾಡುವಾಗೆಲ್ಲ ಹೆಬ್ಬೆರಳಿನಿಂದ ಮೀಟರಿನ ಧೂಳು ಒರೆಸುತ್ತಿದ್ದರು. ನೀರಿನ ಲೆಕ್ಕವನ್ನು ಗಾಳಿಯಲ್ಲೇ ಕಳಿಸುವ ಮೀಟರುಗಳವು. ಬ್ಯಾಟರಿ ಬಾಳಲೆಂದು ಮೇಲಿನ ಅಧಿಕಾರಿಗಳು ಲೆಕ್ಕ ಮರೆಮಾಡುವ ಗುಪ್ತಲಿಪಿ ತೆಗೆಸಿದ್ದರಿಂದ ಆ ಲೆಕ್ಕ ಯಾರಿಗಾದರೂ ಸಿಗುತ್ತಿತ್ತು. “ಬ್ಯಾಟ್ರಿ ಉಳೀತದರಿ. ಮನಿ?” ಎಂದು ಆಗಾಗ ಗೊಣಗುತ್ತಿದ್ದರು.

ಬರಕ್ಕೆ ಅರ್ಧ ಓಣಿ ಗುಳೆ ಹೋಗಿತ್ತು. ಬೀಗ ದಿನಗೂಲಿಗೆ ಹೋದವರೂ ಹಾಕುತ್ತಾರೆ. ತಿಂಗಳಿಂದ ಖಾಲಿಯಿರುವ ಮನೆ ಯಾವುದೆಂದು ಕಳ್ಳರಿಗೆ ಹೇಳುತ್ತಿದ್ದುದು ಮೀಟರೇ.

ಒಂದು ಮಧ್ಯಾಹ್ನ ಅಪರಿಚಿತನೊಬ್ಬ ಬೈಕ್ ನಿಲ್ಲಿಸಿ, ಆಂಟೆನಾ ಹಚ್ಚಿದ ಮೊಬೈಲ್ ನೋಡುತ್ತ ನಮ್ಮ ಪಕ್ಕದ ಮನೆಯ ಬೀಗ ದಿಟ್ಟಿಸಿದ. ಅಲ್ಲೇ ಇದ್ದ ಮೆಕ್ಯಾನಿಕ್ ಆ ಮನೆಯ ಅಂಗಳದ ನಲ್ಲಿ ತಿರುಗಿಸಿ ಕೊಡ ಇಟ್ಟರು.

ಅವನು ಮತ್ತೆ ಮೊಬೈಲ್ ನೋಡಿದ. “ಮಂದಿ ಬಂದಾರೇನು?”

“ನಿನ್ನೇನ ಬಂದಾರರಿ, ಎಲ್ಲಾರೂ,” ಎಂದರು ಮೆಕ್ಯಾನಿಕ್.

ಬೈಕ್ ಹೋಯಿತು. ಅವರ ಹೆಬ್ಬೆರಳು ಮೀಟರು ಒರೆಸುತ್ತಲೇ ಇತ್ತು.

ಮಳೆಗಾಲದವರೆಗೂ ಬೀಗ ಬಿದ್ದ ಮನೆಗಳಲ್ಲೆಲ್ಲ ದಿನಕ್ಕೊಂದು ಕೊಡ ತುಂಬಿಸಿ, ಓಣಿಯ ದನಗಳಿಗೆ ಕುಡಿಸುತ್ತ, ಅವರೊಬ್ಬರೇ ಅಷ್ಟೂ ಮನೆಗಳ ಸಂಸಾರ ನಡೆಸಿದರು.