ಎಡ ಐದು, ಬಲ ಆರು

ನಮ್ಮ ಸೊಸೆಗೆ ಮನುಷ್ಯರ ಮುಖ ನೆನಪಿರುವುದಿಲ್ಲ. ಪಕ್ಕದ ಮನೆಯ ಟೈಲರಮ್ಮ ದಾರಿಯಲ್ಲಿ ಎದುರಾದರೂ ಮೊದಲು ಪಾದ ನೋಡಿ, ಆಮೇಲೆ ತಲೆಯೆತ್ತಿ, "ಓ, ನೀವಾ!" ಅನ್ನುತ್ತಾಳೆ. ಮಾಲ್‌ನ ಶೂ ಅಂಗಡಿಗೆ ಕೆಲಸಕ್ಕೆ ಸೇರಿದ ಮೇಲೆ ಅಂಟಿಕೊಂಡ ರೋಗ ಇದು. ಬೆಳಗಿನಿಂದ ಮೊಣಕಾಲೂರಿ ಕಂಡವರ ಕಾಲನ್ನೇ ನೋಡುತ್ತಿದ್ದರೆ ಇನ್ನೇನಾಗುತ್ತದೆ?

ಆ ಅಂಗಡಿಯನ್ನು ನಾನೂ ಒಮ್ಮೆ ಹೊರಗೆ ನಿಂತು ನೋಡಿದ್ದೇನೆ. ಎಲ್ಲಿ ನೋಡಿದರೂ ಗಾಜು, ದೀಪ. ಗೋಡೆಯ ತುಂಬ ಒಂಟಿ ಶೂಗಳು. ಒಂದೊಂದಕ್ಕೂ ಒಂದೊಂದು ಗೂಡು, ನೆತ್ತಿಯ ಮೇಲೊಂದು ದೀಪ. ಜೋಡಿ ಇಟ್ಟರೆ ಕದಿಯುತ್ತಾರಂತೆ. ನಡುವೆ ಮೆತ್ತನೆಯ ಬೆಂಚು ಇದೆ, ಅದು ಗಿರಾಕಿಗಳಿಗೆ. ಕೆಲಸದವರು ಕೂತರೆ ಅಂಗಡಿಯ ಮರ್ಯಾದೆ ಹೋಗುತ್ತದಂತೆ. ಒಬ್ಬಳು ಹೆಂಗಸು ಕೂತ ಮಾತ್ರಕ್ಕೆ ಹೋಗುವ ಮರ್ಯಾದೆ ಎಂಥದ್ದೋ! ಕಾಲಿಗೆ ಹಾಕುವುದನ್ನು ಮಾರಿ ಬದುಕುವವರಿಗೆ, ಮಾರುವವಳಿಗೂ ಕಾಲಿದೆ ಅನ್ನುವುದು ಮಾತ್ರ ಇನ್ನೂ ಗೊತ್ತಾಗಿಲ್ಲ.

ಅಲ್ಲಿನ ಮ್ಯಾನೇಜರನಿಗೆ ಹುಡುಗಿಯರು ನಗೆಸಾಹೇಬ ಎಂದು ಹೆಸರಿಟ್ಟಿದ್ದಾರೆ. ಅವನು ನಗುತ್ತಾನೆಂದಲ್ಲ. "ಸ್ಮೈಲ್ ಮಾಡಿ, ಸ್ಮೈಲ್! ಹಲ್ಲು ಕಾಣ್ಲಿ!" ಎಂದು ಬೆನ್ನ ಹಿಂದೆಯೇ ಸುತ್ತುತ್ತಾನಂತೆ. ಗಿರಾಕಿ ಶೂ ಬಿಚ್ಚಿದ ವಾಸನೆಗೆ ಕಣ್ಣಲ್ಲಿ ನೀರು ಬಂದರೂ ಹಲ್ಲು ಕಾಣಬೇಕು. ಸಿನಿಮಾ ಶುರುವಾಗುವ ತನಕ ಹೊತ್ತು ಕಳೆಯಲು ಬಂದ ಹೆಂಗಸು ಡಬ್ಬಿಗಳ ಗೋಪುರವನ್ನೇ ಇಳಿಸಿ, "ಯಾವ್ದೂ ಮನಸಿಗೆ ಬರ್ಲಿಲ್ಲ ಕಣಮ್ಮ" ಎಂದು ಎದ್ದು ಹೋದರೂ ಹಲ್ಲು ಕಾಣಬೇಕು. ಇನ್ನು ಕೆಲವರು ಹಾಕಿ, ನಡೆದು, ಅಳತೆ ಸರಿಯಾಯಿತೆಂದು ಖಾತ್ರಿ ಮಾಡಿಕೊಂಡು, ಅದೇ ಬೆಂಚಿನ ಮೇಲೆ ಕೂತೇ ಫೋನಿನಲ್ಲಿ ಬೇರೆ ಕಡೆಯಿಂದ ತರಿಸಿಕೊಳ್ಳುತ್ತಾರೆ. ಹೋಗುವಾಗ "ಥ್ಯಾಂಕ್ಸ್" ಅನ್ನುತ್ತಾರಂತೆ, ಅದೊಂದು ಬೇರೆ.

ಇಂಥ ಕಡೆ ನಮ್ಮ ಮನೆಯ ಮಹಾತಾಯಿಗೆ ಒಂದು ದಿನ ದಯೆ ಉಕ್ಕಿ ಬಂತು.

ಒಬ್ಬ ಹುಡುಗಿ ತಾಯಿಯ ಜೊತೆ ಬಂದಿದ್ದಳು. ಮಾರನೆಯ ದಿನ ಮೊದಲ ಕೆಲಸಕ್ಕೆ ಸೇರಬೇಕು, ಕಪ್ಪು ಶೂ ಬೇಕು. ಎಡಪಾದ ಬಲಪಾದಕ್ಕಿಂತ ಒಂದು ನಂಬರು ದೊಡ್ಡದು. ಐದು ಹಾಕಿದರೆ ಎಡಗಾಲು ನೋಯುತ್ತದೆ, ಆರು ಹಾಕಿದರೆ ಬಲಗಾಲಿನದು ಕಳಚುತ್ತದೆ.

"ಆರೇ ತಗೊಳ್ಳೇ, ಬಲಗಡೆ ಹತ್ತಿ ತುರುಕೋಣ. ಯಾವಾಗ್ಲೂ ಮಾಡೋದೇ ಅಲ್ವಾ?" ಎಂದಳಂತೆ ತಾಯಿ.

"ಅಮ್ಮಾ, ಮೆಲ್ಲಗೆ!" ಎಂದ ಹುಡುಗಿಯ ಕಣ್ಣು ತುಂಬಿತ್ತಂತೆ.

ನಗೆಸಾಹೇಬ ಊಟಕ್ಕೆ ಹೋಗಿದ್ದ. ಸೊಸೆ ಆರರ ಡಬ್ಬಿಯಿಂದ ಎಡಗಾಲಿನದು, ಐದರ ಡಬ್ಬಿಯಿಂದ ಬಲಗಾಲಿನದು ತೆಗೆದು ತೊಡಿಸಿದಳು. ಎರಡನ್ನೂ ಆರರ ಡಬ್ಬಿಗೆ ತುಂಬಿ, ಬಿಲ್ಲು ಮಾಡಿಸಿ ಕಳುಹಿಸಿಬಿಟ್ಟಳು. ಹಿಂದೆ ಉಳಿದದ್ದು ಐದರ ಡಬ್ಬಿ. ಅದರೊಳಗೆ ಎಡಗಾಲಿಗೆ ಐದು, ಬಲಗಾಲಿಗೆ ಆರು.

ಸಂಜೆ ಬಂದವಳೇ ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತು, "ಅತ್ತೆ, ಇವತ್ತೊಂದು ಒಳ್ಳೆ ಕೆಲಸ ಮಾಡ್ದೆ" ಎಂದು ಎಲ್ಲ ಹೇಳಿದಳು.

"ಪುಣ್ಯ ಕಟ್ಕೊಳ್ಳೋಕೆ ಅದೇನು ನಿಮ್ಮಪ್ಪನ ಅಂಗಡೀನಾ?" ಅಂದೆ. "ಉಳಿದಿದ್ದನ್ನ ಯಾರ ತಲೆಗೆ ಕಟ್ತೀಯ?"

ಅವಳ ಮುಖ ಇಳಿದದ್ದು ಆಗಲೇ. ತಿಂಗಳ ಕೊನೆಗೆ ದೊಡ್ಡ ಆಫೀಸಿನಿಂದ ಸರಕು ಎಣಿಸುವವರು ಬರುತ್ತಾರೆ. ಹಿಂದಿನ ಸಲ ಏನೋ ಹೆಚ್ಚುಕಮ್ಮಿಯಾಯಿತೆಂದು ಒಬ್ಬಳನ್ನು ಅಲ್ಲಿಂದಲೇ ಮನೆಗೆ ಕಳುಹಿಸಿದ್ದರು. "ಒಂದೊಂದು ಜೋಡೀನೂ ನೋಡ್ತಾರೆ. ಅವರ ಕಣ್ಣು ತಪ್ಪಿಸೋಕೆ ಯಾರಿಂದಲೂ ಆಗಲ್ಲ" ಎಂದು ನಗೆಸಾಹೇಬ ದಿನವೂ ಹೆದರಿಸುತ್ತಿದ್ದ. ನನ್ನ ಮಗನ ಕಾರ್ಖಾನೆ ಬಾಗಿಲು ಹಾಕಿತ್ತು, ಮನೆ ನಡೆಯುತ್ತಿದ್ದುದು ಇವಳ ಸಂಬಳದಲ್ಲಿ. ಅವಳ ಕೆಲಸವೂ ಖಾಯಂ ಅಲ್ಲ. ಎಣಿಕೆ ಮುಗಿದ ಮೇಲೆ ಇಟ್ಟುಕೊಳ್ಳುವುದೋ ಬಿಡುವುದೋ ಹೇಳುತ್ತೇವೆ ಅಂದಿದ್ದರು. ತಾನೇ ಕೊಂಡುಬಿಡೋಣ ಎಂದರೆ, ಆ ಶೂವಿನ ಬೆಲೆ ನಮ್ಮಂಥವರು ಕೇಳುವಂಥದ್ದೂ ಅಲ್ಲ.

ಹಾಗಾಗಿ ಎಡಗಾಲು ಐದು, ಬಲಗಾಲು ಆರು ಇರುವ ಪುಣ್ಯಾತ್ಗಿತ್ತಿಯನ್ನು ಹುಡುಕುವುದು ಶುರುವಾಯಿತು. ಅಂಗಡಿಗೆ ಬಂದವರ ಕಾಲೆಲ್ಲ ಅಳೆದದ್ದಾಯಿತು. ಮನೆಗೆ ಬಂದರೆ ನಮ್ಮನ್ನು ಹಳೆಯ ಪೇಪರಿನ ಮೇಲೆ ನಿಲ್ಲಿಸಿ ಪೆನ್ಸಿಲಿನಲ್ಲಿ ಗೆರೆ ಎಳೆಯುವುದು. ನನ್ನ ಎರಡೂ ಪಾದ ಒಂದೇ ಅಳತೆ, ಎರಡೂ ಸೌದೆಯ ಹಾಗೆ. ಟೈಲರಮ್ಮನನ್ನೂ ನಿಲ್ಲಿಸಿದಳು.

"ಯಾಕಮ್ಮಾ, ಶೂ ಕೊಡಿಸ್ತೀಯೋ, ಇಲ್ಲ ಮಾಟ ಮಾಡಿಸ್ತೀಯೋ?" ಎಂದಳು ಟೈಲರಮ್ಮ.

"ಸುಮ್ನೆ ನಿಂತ್ಕೊಳ್ಳಿ ಅಕ್ಕ, ಬೆರಳು ಮಡಚ್ಬೇಡಿ."

"ಜನರ ಎದೆಸುತ್ತು ಸೊಂಟ ಅಳೆದು ನನ್ನ ಜೀವನ ಹೋಯ್ತು, ನನ್ನನ್ನ ಅಳೆಯೋರು ಈಗ ಸಿಕ್ಕಿದ್ರು ನೋಡಿ. ಅದೂ ಕಾಲು!"

ಅವಳ ಕಾಲೂ ಸಮವೇ. ಒಂದು ಬೆಳಿಗ್ಗೆ ಬಸ್ಸಿನಲ್ಲಿ ಯಾರದೋ ಬಲಪಾದ ಅಗಲವಾಗಿ ಕಂಡಿತೆಂದು ಸೊಸೆ ಬಗ್ಗಿ ಬಗ್ಗಿ ನೋಡಿದಳಂತೆ. "ಏನ್ರೀ, ನನ್ನ ಕಾಲ ಕೆಳಗೆ ಏನಾದ್ರೂ ಬೀಳಿಸ್ಕೊಂಡ್ರಾ?" ಎಂದು ಆಕೆ ಬೈದಳಂತೆ. ಇವಳು ಅವಮಾನದಲ್ಲಿ ಮುಂದಿನ ಸ್ಟಾಪಿಗೇ ಇಳಿದು, ನಡೆದು ಹೋಗಿ, ತಡವಾಗಿ ತಲುಪಿ, ನಗೆಸಾಹೇಬನಿಂದ ಇನ್ನೊಂದು ಸುತ್ತು ಬೈಸಿಕೊಂಡಳು. ಬೈಸಿಕೊಳ್ಳುವಾಗಲೂ ಹಲ್ಲು ಕಾಣಬೇಕಿತ್ತೋ ಏನೋ, ಕೇಳಲಿಲ್ಲ.

ಇಷ್ಟು ಜನರಿರುವ ಊರಿನಲ್ಲಿ ಆ ಜೋಡಿ ಶೂಗೆ ಒಂದು ಜೋಡಿ ಕಾಲು ಸಿಗಲಿಲ್ಲ. ಸೊಸೆ ಊಟ ಬಿಟ್ಟಳು. ಗಂಡ ಸಮಾಧಾನ ಹೇಳಿದರೆ ಅವನ ಮೇಲೇ ಹರಿಹಾಯ್ದಳು. ಎಣಿಕೆಯ ದಿನ ಹೊರಡುವಾಗ, "ಅತ್ತೆ, ಬೇಗ ಬಂದ್ರೆ ಬಿಡಿಸಿಬಿಟ್ರು ಅಂತ ತಿಳ್ಕೊಳ್ಳಿ" ಎಂದು ಹೇಳಿಯೇ ಹೋದಳು. ನಾನು ಇಡೀ ದಿನ ಬಾಗಿಲ ಕಡೆ ಕಿವಿಯಿಟ್ಟು ಕೂತಿದ್ದೆ.

ಬಂದದ್ದು ಮಾಮೂಲಿ ಹೊತ್ತಿಗೇ. ಬಂದವಳು ಚೀಲ ಎಸೆದು, ಗೋಡೆಗೊರಗಿ ನಗತೊಡಗಿದಳು. ನಗುತ್ತ ನಗುತ್ತ ಅತ್ತಳು.

"ತೆಗೆದೇ ನೋಡ್ಲಿಲ್ಲ ಅತ್ತೆ! ಒಂದೇ ಒಂದು ಡಬ್ಬಿ ತೆಗೀಲಿಲ್ಲ!"

"ಮತ್ತೆ ಎಣಿಸಿದ್ದು ಏನನ್ನ?"

"ಡಬ್ಬೀನ! ಕೈಲೊಂದು ಪಿಸ್ತೂಲಿನಂಥ ಯಂತ್ರ. ಡಬ್ಬಿ ಮೇಲಿನ ಗೆರೆಗಳಿಗೆ ಹಿಡಿಯೋದು, ಕಿಂಯ್ ಅನ್ಸೋದು, ಮುಂದಕ್ಕೆ ಹೋಗೋದು."

"ಒಳಗೆ ಇಟ್ಟಿಗೆ ಇಟ್ಟಿದ್ರೆ?"

"ಇಟ್ಟಿಗೇನೂ ಐದು ನಂಬರ್ ಶೂನೇ!"

ಅಂದರೆ ಹಿಂದೆ ಮನೆಗೆ ಹೋದವಳು ಹೋದದ್ದು ಒಂದು ಡಬ್ಬಿ ಕಮ್ಮಿ ಬಿತ್ತೆಂದು, ಅಷ್ಟೆ. ಡಬ್ಬಿ ಇದ್ದರೆ ಶೂ ಇದೆ, ಶೂ ಇದ್ದರೆ ಜೋಡಿ ಸರಿಯಿದೆ, ಇದು ಅವರ ದೊಡ್ಡ ಆಫೀಸಿನ ಲೆಕ್ಕ. ಅಲ್ಲಿ ಕೂತವರೆಲ್ಲ ಓದಿದವರು, ಕುರ್ಚಿ ಉಳ್ಳವರು. ಇಂಥವರ ಕಣ್ಣಿಗೆ ಹೆದರಿ ನನ್ನ ಸೊಸೆ ಅನ್ನ ಬಿಟ್ಟಿದ್ದಳಲ್ಲ, ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಅವಳನ್ನು ಕೆಲಸದಲ್ಲಿ ಇಟ್ಟುಕೊಂಡರು. ಇಟ್ಟುಕೊಂಡರೂ ಖಾಯಂ ಮಾಡಲಿಲ್ಲ. ಆದರೆ ಅವಳ ಹೆದರಿಕೆ ಮಾತ್ರ ಖಾಯಂ ಆಗಿ ಬಿಟ್ಟುಹೋಯಿತು. ಈಗ ಸಮವಿಲ್ಲದ ಕಾಲಿನವರು ಬಂದರೆ, ನಗೆಸಾಹೇಬ ಅತ್ತ ಹೋದ ಕೂಡಲೇ ಎರಡು ಡಬ್ಬಿ ಇಳಿಸುತ್ತಾಳೆ. ಉಳಿದ ಅಡ್ಡಾದಿಡ್ಡಿ ಜೋಡಿಗಳ ಡಬ್ಬಿಗೆ ದಾರ ಸುತ್ತಿ, ಯಾರ ಕೈಗೂ ತಪ್ಪಿ ಸಿಗದಂತೆ ಅಂಗಡಿಯ ಅಟ್ಟದ ಮೂಲೆಗೆ ಸೇರಿಸುತ್ತಾಳೆ. ಉಳಿದ ಹುಡುಗಿಯರೂ ಕಲಿತಿದ್ದಾರೆ. ಅಟ್ಟದ ಆ ಮೂಲೆ ತುಂಬುತ್ತಲೇ ಇದೆ, ಎಣಿಸುವವರು ಬಂದು ಕಿಂಯ್ ಅನ್ನಿಸಿಕೊಂಡು ಹೋಗುತ್ತಲೇ ಇದ್ದಾರೆ.

ಮೊನ್ನೆ ಅಂಗಡಿಗೆ ಬಹುಮಾನ ಬಂದಿದೆಯಂತೆ. ಸರಕಿನ ಲೆಕ್ಕ ಎಲ್ಲೂ ತಪ್ಪದ ಅಂಗಡಿ ಎಂದು ಬರೆದ ಹಲಗೆ, ಕೆಳಗೆ ನಗೆಸಾಹೇಬನ ಫೋಟೊ, ಮೇಲೆ ಗಾಜು. ಬಾಗಿಲಿನ ಎದುರೇ ತೂಗುಹಾಕಿದ್ದಾನೆ. ಬೆಳಿಗ್ಗೆ ಅದನ್ನು ಒರೆಸುವ ಕೆಲಸ ನಮ್ಮ ಸೊಸೆಗೆ ವಹಿಸಿದ್ದಾನೆ. ಅದನ್ನು ಒರೆಸುವಾಗ ಯಾರೂ ಹೇಳಬೇಕಾಗಿಲ್ಲ, ಹಲ್ಲು ತಾನಾಗಿಯೇ ಕಾಣುತ್ತದಂತೆ.