ಹರಿಹರದ ಗಾಡಿಯೂ ನನ್ನ ಸಂಶೋಧನೆಯೂ

ತಡವಾಗಿ ಬಂದವರ ಮುಖದ ಮೇಲೆ ಒಂದು ಬಗೆಯ ವಿನಯ ಮೂಡಿರುತ್ತದೆ. ಆ ವಿನಯದ ಮೇಲೆ ನನಗೆ ಮೊದಲಿನಿಂದಲೂ ಗುಮಾನಿ. ಬೆಳಿಗ್ಗೆ ಹಾಲು ತರುವವಳಿಂದ ಹಿಡಿದು ಮದುವೆಯ ಪುರೋಹಿತರವರೆಗೆ ಈ ವಿಷಯದಲ್ಲಿ ನಾನು ಯಾರನ್ನೂ ನಂಬಿದವನಲ್ಲ.

ಅರವತ್ತರ ದಶಕದ ಆರಂಭದಲ್ಲಿ ದಾವಣಗೆರೆಯ ಕಾಲೇಜೊಂದರಲ್ಲಿ ಇತಿಹಾಸದ ಪಾಠ ಹೇಳುತ್ತಿದ್ದೆ. ಮೈಸೂರಿನಿಂದ ಬಂದ ಶಿಕ್ಷಣತಜ್ಞರೊಬ್ಬರು, ಕಾಲೇಜುಗಳಿಗೆ ಮುಂದಾಳುಗಳು ಬೇಕೆಂದೂ, ಮುಂದಾಳುತನ ಭಾಷಣದಿಂದ ಬರದೆ ಕ್ರಿಯಾ ಸಂಶೋಧನೆಯಿಂದ ಬರುವುದೆಂದೂ ದೀರ್ಘ ಭಾಷಣ ಮಾಡಿದರು: ನಿಮ್ಮ ತರಗತಿಯದೇ ಒಂದು ತೊಡಕು ಹಿಡಿಯಿರಿ, ಏನಾದರೂ ಮಾಡಿ ನೋಡಿರಿ, ಫಲ ಗಮನಿಸಿ ತಿದ್ದಿಕೊಳ್ಳಿರಿ. ಇದು ಉಪಪ್ರಾಂಶುಪಾಲರನ್ನು ಆರಿಸುವ ಗುಪ್ತ ಪರೀಕ್ಷೆಯೆಂದು ನಾನೂ ಪಕ್ಕದ ಕುರ್ಚಿಯವರೂ ಒಟ್ಟಿಗೇ ಶಂಕಿಸಿ, ಪರಸ್ಪರ ನೋಡಿಕೊಂಡು ಹಲ್ಲು ಕಿರಿದೆವು.

ನನ್ನ ತೊಡಕು ಸಿದ್ಧವಾಗಿಯೇ ಇತ್ತು. ಹರಿಹರದಿಂದ ರೈಲಿನಲ್ಲಿ ಬರುವ ಹುಡುಗರು ಮೊದಲ ಪೀರಿಯಡ್ಡಿನ ಹಾಜರಿ ಕೂಗಿ ಮುಗಿದ ಮೇಲೆಯೇ ಬಾಗಿಲಲ್ಲಿ ನಿಲ್ಲುತ್ತಿದ್ದರು. ಅವರಲ್ಲಿ ಬಸವರಾಜನ ಹಾಜರಿ ಎಷ್ಟು ಸೊರಗಿತ್ತೆಂದರೆ, ಇನ್ನಷ್ಟು ತಪ್ಪಿದರೆ ಪರೀಕ್ಷೆಗೇ ಕೂರುವಂತಿರಲಿಲ್ಲ.

"ಗಾಡಿ ಲೇಟ್ರಿ ಸಾರ್," ಎನ್ನುತ್ತಿದ್ದ.

"ಗಾಡಿ ಲೇಟೋ, ಸ್ಟೇಷನ್ ಮುಂದಿನ ಮಿರ್ಚಿ ಬಿಸಿ ಐತೋ?" ಎನ್ನುತ್ತಿದ್ದೆ ನಾನು.

ಸಂಶೋಧಕನಾದವನು ಕಣ್ಣಾರೆ ಕಾಣಬೇಕಷ್ಟೆ. ಒಂದು ಸಂಜೆ ಹರಿಹರದ ಅಕ್ಕನ ಮನೆಗೆ ಹೋಗಿ ಉಳಿದು, ಬೆಳಿಗ್ಗೆ ಅದೇ ಗಾಡಿ ಹತ್ತಿದೆ. ನನ್ನನ್ನು ಕಂಡ ಹುಡುಗರು ಎದ್ದು ಕಿಟಕಿಯ ಪಕ್ಕದ ಜಾಗ ಬಿಟ್ಟುಕೊಟ್ಟರು. ಆ ಮರ್ಯಾದೆಯ ಮೇಲೂ ನನಗೆ ಗುಮಾನಿಯೇ. ಗಾಡಿ ಮಾತ್ರ ನನ್ನ ದಾಕ್ಷಿಣ್ಯಕ್ಕೆ ಬೀಳದೆ, ನಡುವಿನ ಸಣ್ಣ ನಿಲ್ದಾಣದಲ್ಲಿ ಎದುರಿನಿಂದ ಗೂಡ್ಸ್ ಗಾಡಿ ಬರುವವರೆಗೂ ಅಲುಗಾಡದೆ ನಿಂತಿತು. ದಾವಣಗೆರೆಯಲ್ಲಿ ಇಳಿದು ಹುಡುಗರ ಹಿಂದೆ ಏದುಸಿರು ಬಿಡುತ್ತ ಓಡಿಬಂದರೆ, ಕಾಲೇಜಿನ ಗೇಟಿನಲ್ಲೇ ಪ್ರಿನ್ಸಿಪಾಲರು.

"ಏನ್ರೀ ಮೇಷ್ಟ್ರೆ, ಅರ್ಧ ಪೀರಿಯಡ್ ಮುಗೀತಲ್ರೀ!"

"ಗಾಡಿ ಲೇಟು ಸಾರ್."

"ನಿಮ್ಮನಿ ಇರೋದು ಇಲ್ಲೇ ದಾವಣಗೆರ್‍ಯಾಗ. ನಿಮಗ್ಯಾವ ಗಾಡಿರೀ?"

ಕ್ರಿಯಾ ಸಂಶೋಧನೆ ಎಂದೆ; ಅವರ ಹುಬ್ಬು ಇನ್ನೂ ಮೇಲೇರಿತು. ಬಸವರಾಜ ಬೆವರೊರೆಸಿಕೊಳ್ಳುತ್ತ ಮುಂದೆ ಬಂದ.

"ಖರೇನ ಐತ್ರಿ ಸಾರ್. ಮೇಷ್ಟ್ರು ನಮ್ ಜೊತಿಗೇ ಇದ್ರು. ಮಿರ್ಚಿ ಗಿರ್ಚಿ ಏನೂ ತಿಂದಿಲ್ರಿ ಅವರು."

"ನೀನು ಸಾಕ್ಷಿ ಹೇಳಿದ್ರೆ ಆತೇನಪ್ಪ? ನಾಳೆ ನಾನೇ ಹೋಗಿ ನೋಡ್ತೀನಿ," ಎಂದರು ಪ್ರಿನ್ಸಿಪಾಲರು.

ಹೋದರು. ಮರುದಿನ ಅರ್ಧ ಪೀರಿಯಡ್ ಕಳೆದ ಮೇಲೆ, ಕೋಟಿನ ತುಂಬ ಇಂಜಿನ್ನಿನ ಮಸಿ ಹೊತ್ತು ಬಂದವರು ನೇರವಾಗಿ ಕೋಣೆ ಸೇರಿ, ಇನ್ನು ಮೇಲೆ ಮೊದಲ ಪೀರಿಯಡ್ಡಿನ ಹಾಜರಿಯನ್ನು ಕೊನೆಯಲ್ಲಿ ಕೂಗತಕ್ಕದ್ದೆಂದು ಸುತ್ತೋಲೆ ಹೊರಡಿಸಿದರು. ಇದರ ಲಾಭವನ್ನು ಊರೊಳಗಿನ ಹುಡುಗರೂ ಪಡೆಯುತ್ತಾರೆಂದು ನನಗೆ ಗುಮಾನಿಯಿತ್ತು, ಪಡೆದರು. ಆದರೆ ಬಸವರಾಜ ಪರೀಕ್ಷೆಗೆ ಕೂತ. ತಜ್ಞರ ಸಿದ್ಧಾಂತದಲ್ಲಿ ನನಗೆ ಈಗಲೂ ಅರ್ಧ ಸಂಶಯ. ಒಮ್ಮೆಯಾದರೂ ಆ ಗಾಡಿಯಲ್ಲಿ ಕಾದು ಕೂತು ಬಂದ ಮುಂದಾಳುವನ್ನು ಮಾತ್ರ, ಓದುಗರೇ, ನಾನು ಸ್ವಲ್ಪ ನಂಬುತ್ತೇನೆ.