ಮುದ್ದೇಬಿಹಾಳದಲ್ಲಿ ಎಸ್ತೇರಳ ದನಿ

ಮೂರು ವರ್ಷಗಳ ಹಿಂದಿನ ಮಾತು. ಆಗ ನನಗೆ ಇಪ್ಪತ್ತಾರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲ್ಲೂಕುಗಳ ಸಣ್ಣ ಸಣ್ಣ ಕ್ರೈಸ್ತ ಸಭೆಗಳಿಗೆ ನಾನು ‘ಯುವಜನ ಸೇವಾ ತರಬೇತುದಾರ’. ಹುದ್ದೆಯ ಹೆಸರು ವಿಸಿಟಿಂಗ್ ಕಾರ್ಡಿನಲ್ಲಿ ಎರಡು ಸಾಲು ಹಿಡಿಯುತ್ತಿತ್ತು. ನನ್ನ ಬೈಕಿಗೆ ಒಂದೇ ಕನ್ನಡಿ ಇತ್ತು. ಕೆಲಸ ಇಷ್ಟು: ಹರೆಯದ ಮಕ್ಕಳ ಮಾತನ್ನು ಹೇಗೆ ಕೇಳಿಸಿಕೊಳ್ಳಬೇಕು ಎಂದು ಪಾಸ್ಟರುಗಳಿಗೂ ತಂದೆತಾಯಿಗಳಿಗೂ ಕಲಿಸುವುದು. ಮದುವೆಯಾಗದವನು, ಮಕ್ಕಳಿಲ್ಲದವನು, ಸ್ವಂತ ಅಪ್ಪನ ಫೋನನ್ನು ಎರಡನೇ ಸಲಕ್ಕೂ ಎತ್ತದವನು ಇದನ್ನು ಕಲಿಸುತ್ತಿದ್ದ.

ನನ್ನ ಬಂಡವಾಳ ಮಿಮಿಕ್ರಿ. ಯಾವುದೇ ಪಾಸ್ಟರನ್ನು ಎರಡು ಭಾನುವಾರ ಕೇಳಿದರೆ ಸಾಕು, ಅವರು ಕೆಮ್ಮುವುದರಿಂದ ಹಿಡಿದು ‘ಕಡೆಯ ಮಾತು’ ಎಂದು ಹೇಳಿ ಇನ್ನೂ ಅರ್ಧ ಗಂಟೆ ಎಳೆಯುವವರೆಗೆ ಎಲ್ಲವನ್ನೂ ಮಾಡಿ ತೋರಿಸುತ್ತಿದ್ದೆ. ಜನ ನಗುವಾಗ ಬಾಯಿ ತೆರೆದಿರುತ್ತದಲ್ಲ, ಆಗಲೇ ಪಾಠದ ಗುಳಿಗೆ ಹಾಕಿಬಿಡುವುದು ನನ್ನ ಉಪಾಯ.

ಆ ಪಾಠಗಳಲ್ಲಿ ಮುಖ್ಯವಾದದ್ದು ‘ಪ್ರಾರ್ಥನಾ ವಿನಂತಿ’ಯದು. ಆರಾಧನೆಯ ಕೊನೆಗೆ ಕಷ್ಟವಿದ್ದವರು ಎದ್ದು ನಿಂತು ಹೇಳಿಕೊಳ್ಳುತ್ತಾರೆ, ಎಲ್ಲರೂ ಸೇರಿ ಅವರಿಗಾಗಿ ಪ್ರಾರ್ಥಿಸುತ್ತಾರೆ. ಒಳ್ಳೆಯ ಪದ್ಧತಿ. ಆದರೆ ಮಕ್ಕಳ ವಿಷಯ ಬಂದಾಗ ಅದು ಡಂಗುರವಾಗುತ್ತದೆ. “ನಮ್ಮ ಹುಡುಗ ಯಾವದೋ ಹುಡುಗಿಗೆ ಮೆಸೇಜ್ ಹಾಕಾಕತ್ತಾನ್ರಿ, ಅದು ನಿಲ್ಲಲಿ ಅಂತ ಪ್ರಾರ್ಥನಾ ಮಾಡ್ರಿ” ಎಂದು ತಾಯಿ ಕಣ್ಣೊರೆಸಿಕೊಂಡರೆ, ಆಮೆನ್ ಹೇಳುವಷ್ಟರಲ್ಲಿ ಸುದ್ದಿ ಆಚೆಯ ಹೊರ್ತಿ ಊರನ್ನೂ ದಾಟಿರುತ್ತದೆ. ಆ ಹುಡುಗ ಮತ್ತೆಂದೂ ಮನೆಯಲ್ಲಿ ಬಾಯಿ ಬಿಡುವುದಿಲ್ಲ. ಮಕ್ಕಳ ಗುಟ್ಟನ್ನು ವಿನಂತಿ ಮಾಡಬೇಡಿ ಎಂದು ನಾನು ಊರೂರು ತಿರುಗಿ ಹೇಳುತ್ತಿದ್ದೆ.

ಎಸ್ತೇರ ಇಂಡಿ ಕಡೆಯ ತಾಂಬಾ ಊರಿನ ಹುಡುಗಿ. ಹದಿನೆಂಟು ವರ್ಷ, ಪಿಯುಸಿ ಪರೀಕ್ಷೆ ಬರೆದು ಕೂತಿದ್ದಳು. ಇಂಡಿಯಲ್ಲಿ ಯುವಜನರ ಕೂಟ ಮುಗಿದ ಮೇಲೆ, ಕುರ್ಚಿ ಜೋಡಿಸುವ ನೆವದಲ್ಲಿ ಹಿಂದೆ ಉಳಿದಳು. ಕೂಸಿದ್ದಾಗ ಅವಳಿಗೆ ಜ್ವರ ಬಂದು ಡಾಕ್ಟರು ಕೈಚೆಲ್ಲಿದ್ದರಂತೆ. ಬದುಕಿದರೆ ದೇವರ ಸೇವೆಗೇ ಕೊಡುತ್ತೇವೆ ಎಂದು ಹೆತ್ತವರು ಹರಕೆ ಹೊತ್ತರು. ಬದುಕಿದಳು. ಈಗ ಬೈಬಲ್ ಕಾಲೇಜಿನ ಅರ್ಜಿ ಮನೆಗೆ ಬಂದಿತ್ತು. ಅವಳಿಗೆ ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಬೇಕಿತ್ತು.

ದೊಡ್ಡ ಮಾತು ಹೇಳುವ ಮೊದಲು ಅವಳು ಮೂಗಿನಲ್ಲೇ ಒಂದು ಚೂರು ನಗುತ್ತಿದ್ದಳು. ಹಾಗೆ ನಕ್ಕು ಹೇಳಿದಳು: “ದೇವ್ರು ಬ್ಯಾಡ ಅಂತಲ್ಲಣ್ಣಾ. ನನ್ನ ಕೇಳದ ನನ್ನ ಕೊಟ್ಟಾರ. ಕೊಡೂದಿದ್ರ ನಾನ ಕೊಡಬೇಕಲ್ಲ?”

“ಅವ್ವಗ ಹೇಳಿಯೇನು?”

“ರಿಸಲ್ಟ್ ಬಂದ ಮ್ಯಾಲೆ ಹೇಳ್ತೇನಿ. ಧೈರ್ಯ ಕೂಡಸಾಕತ್ತೇನಿ. ಅಲ್ಲೀತನ ಯಾರ ಮುಂದೂ ಅನಬ್ಯಾಡ್ರಿ.”

“ಅನ್ನಂಗಿಲ್ಲ” ಎಂದೆ. ಗಂಭೀರವಾಗಿಯೇ ಎಂದೆ.

ಹದಿನೈದು ದಿನಕ್ಕೆ ಮುದ್ದೇಬಿಹಾಳದಲ್ಲಿ ತಂದೆತಾಯಿಗಳ ತರಬೇತಿ. ತಗಡಿನ ಸಭಾಂಗಣ, ನಲವತ್ತು ಕುರ್ಚಿ, ಹಿಂದುಗಡೆ ಒಂದೇ ಬಾಗಿಲು. ಎದುರಿನ ಗೋಡೆಗೆ ಬೆನ್ನು ಹಚ್ಚಿ ನಾನು. ಅಂದು ಜನ ಮೆತ್ತಗಾಗಲೇ ಇಲ್ಲ. ಅಲ್ಲಿಯ ಹಿರಿಯ ಪಾಸ್ಟರ್ ಜಯಪ್ಪನವರನ್ನೇ ಅವರೆದುರಿಗೆ ಅನುಕರಿಸಿದೆ, ಅವರೊಬ್ಬರೇ ನಕ್ಕರು. ಒಬ್ಬ ತಂದೆ, “ನಮ್ಮ ಹುಡುಗ್ರು ನಮ್ಮ ಮುಂದ ಏನೂ ಮುಚ್ಚಿಡಂಗಿಲ್ರಿ, ಮುಂದಿಂದು ಹೇಳ್ರಿ” ಎಂದು ಗಡಿಯಾರ ನೋಡಿದ. ನನಗೆ ರೋಷ ಬಂತು. ಕಲಾವಿದನ ರೋಷ, ಅಂದರೆ ಚಪ್ಪಾಳೆಯ ಹಸಿವು.

ಎಸ್ತೇರಳನ್ನು ಹೊರತೆಗೆದೆ.

ಹೆಸರು ಬದಲಿಸಿದೆ, ಊರು ಸಿಂದಗಿ ಕಡೆಯದು ಎಂದೆ. ಹರಕೆಗೆ ಬಿಟ್ಟ ಮಕ್ಕಳು ನಾಲ್ಕೂ ತಾಲ್ಲೂಕಿನಲ್ಲಿ ಇದ್ದಾರೆ, ಯಾರಿಗೆ ತಿಳಿಯುತ್ತದೆ ಎಂಬ ಧೈರ್ಯ. ಮೊದಲು ಅಪ್ಪನ ಗತ್ತು, ಆಮೇಲೆ ಅವ್ವನ ಅಳು, ಕೊನೆಗೆ ಹುಡುಗಿ. ಮೂಗಿನಲ್ಲಿ ಒಂದು ಚೂರು ನಕ್ಕು, “ಕೊಡೂದಿದ್ರ ನಾನ ಕೊಡಬೇಕಲ್ಲ?” ಎಂದೆ. ಸಭೆ ಬಿದ್ದು ಬಿದ್ದು ನಕ್ಕಿತು. ಗಡಿಯಾರದವನೂ ನಕ್ಕ. ಎಲ್ಲವನ್ನೂ ಬದಲಿಸಿದ್ದೆ, ದನಿಯನ್ನು ಬಿಟ್ಟು. ದನಿ ಬದಲಿಸಿದರೆ ನಾನು ಎಂಥ ಮಿಮಿಕ್ರಿ ಕಲಾವಿದ?

ಬಾಗಿಲ ಬಳಿಯ ಕುರ್ಚಿಯಿಂದ ನೀಲಿ ಸೀರೆಯ ಹೆಣ್ಣುಮಗಳೊಬ್ಬಳು ಎದ್ದಳು. “ಬ್ರದರ್, ಆ ನಗಿ ನಮ್ಮ ಎಸ್ತೇರಂದು. ತಾಂಬಾದ ಎಸ್ತೇರ. ನಾ ಆಕಿ ಅವ್ವ ಅದೇನಿ.”

ಹಿಂದೆ ಇಂಡಿಯಲ್ಲಿ ನಡೆಸಿದ್ದ ತಂದೆತಾಯಿಗಳ ತರಬೇತಿಗೆ ಎಸ್ತೇರಳ ಅಪ್ಪ ಮಾತ್ರ ಬಂದಿದ್ದ. ಈಕೆಯ ಮುಖ ನಾನು ಕಂಡಿರಲಿಲ್ಲ. ಮುದ್ದೇಬಿಹಾಳ ಈಕೆಯ ತವರು, ಅಣ್ಣನ ಹೆಂಡತಿ ಜೊತೆಗೆ ಕರೆತಂದಿದ್ದಳು. ‘ಅಲ್ರಿ’ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಹಾಗೆಂದರೆ ಸುಳ್ಳು. ‘ಹೌದ್ರಿ’ ಎಂದರೆ ದ್ರೋಹ. ಸುಮ್ಮನಿದ್ದೆ; ಅದನ್ನೇ ಎಲ್ಲರೂ ಹೌದು ಎಂದು ತಿಳಿದರು. ಆಕೆ ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು.

ಆಗ ಜಯಪ್ಪನವರು ಎದ್ದರು. ಮನುಷ್ಯ ಬಂಗಾರ, ಅಳುವವರನ್ನು ಕಂಡರೆ ಕೂತಿರಲಾರರು. “ಅಳಬ್ಯಾಡ ತಂಗೀ. ಎಲ್ಲಾರೂ ಏಳ್ರಿ. ತಾಂಬಾದ ಎಸ್ತೇರಗಾಗಿ ಪ್ರಾರ್ಥನಾ ಮಾಡೂಣು.”

ನಲವತ್ತು ಕುರ್ಚಿಗಳು ಹಿಂದೆ ಸರಿದ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಹೆಸರು, ಊರು, ಹರಕೆ, ಹಟ, ಒಂದೊಂದಾಗಿ ಪ್ರಾರ್ಥನೆಯೊಳಗೆ ಹೋಗುತ್ತಿದ್ದವು. ಪ್ರಾರ್ಥನೆಯನ್ನು ನಡುವೆ ತಡೆದವರನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಕೈ ಚಾಚಿ ಮೈಕಿನ ಸ್ವಿಚ್ ಆರಿಸಿದೆ. ಜಯಪ್ಪನವರ ಗಂಟಲಿಗೆ ಮೈಕು ಎಂದೂ ಬೇಕಾಗಿರಲಿಲ್ಲ. ಕಾದ ತಗಡಿನಡಿ ಬೆವರುತ್ತ ನಿಂತೆ. ಬಾಗಿಲು ಎದುರಿಗೇ ಕಾಣುತ್ತಿತ್ತು, ನಡುವೆ ನಲವತ್ತು ಮಂದಿ ಕಣ್ಣು ಮುಚ್ಚಿ ನಿಂತಿದ್ದರು. ಕಣ್ಣು ತೆರೆದಿದ್ದವರು ಇಬ್ಬರೇ, ನಾನು ಮತ್ತು ಎಸ್ತೇರಳ ಅವ್ವ. ಆಕೆ ನನ್ನನ್ನೇ ನೋಡುತ್ತಿದ್ದಳು.

ಊಟದ ಹೊತ್ತಿಗೆ ಕೈ ತೊಳೆಯುವ ನಳದ ಬಳಿ ಆಕೆ ನನ್ನನ್ನು ಹಿಡಿದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಸುಲಭವಿತ್ತು.

“ಬ್ರದರ್, ಇನ್ನೊಮ್ಮೆ ಮಾಡ್ರಿ.”

“ಏನ್ರಿ?”

“ಆಕಿ ಹಂಗ ಮಾತಾಡ್ರಿ. ಎರಡು ವರ್ಷ ಆತು, ಮನ್ಯಾಗ ಹೂಂ, ಹಾಂ ಬಿಟ್ರ ಆಕಿ ದನೀನ ಕೇಳಿಲ್ಲ ನಾ.”

ಅಂಥ ಬೇಡಿಕೆ ಯಾವ ಕಲಾವಿದನಿಗೂ ಬರಬಾರದು. “ನನ್ನ ಕಡೆ ಇರೂದು ಬರೇ ಸೋಗ್ರಿ ಅವ್ವಾರ. ಮಾತು ಆಕಿ ಕಡೆ ಐತಿ” ಎಂದೆ.

“ನಾ ಕೇಳಿದ್ರ ಹೇಳ್ತಾಳೇನ್ರಿ?”

“ಇವತ್ತ ಮುಂಜಾನಿತನ ಕೇಳಿದ್ರ ಹೇಳ್ತಿದ್ಲು. ಈಗ ಗೊತ್ತಿಲ್ರಿ. ನಾ ಕೆಡಿಸೇನಿ.”

ಎಸ್ತೇರಳಿಗೆ ಬೇರೆಯವರ ಬಾಯಿಂದ ತಿಳಿಯುವ ಮೊದಲು ನಾನೇ ಹೇಳಬೇಕಿತ್ತು. ಸಭಾಂಗಣದ ಹಿಂದೆ ನಿಂತು ಫೋನು ಹಚ್ಚಿದೆ. ಎಸ್ತೇರ ಪೂರ್ತಿ ಕೇಳಿಸಿಕೊಂಡಳು.

“ಎಷ್ಟ್ ಮಂದಿ ಇದ್ರು?”

“ನಲವತ್ತು. ನಿಮ್ಮವ್ವನೂ ಇದ್ರು.”

“ನಕ್ರೇನು ಎಲ್ಲಾರೂ?”

“ನಕ್ರು.”

“ಹಂಗಾದ್ರ ಚಲೋ ಮಾಡಿರಿ ಬಿಡ್ರಿ” ಎಂದು ಫೋನಿಟ್ಟಳು.

ಮಧ್ಯಾಹ್ನದ ಅವಧಿ ಇನ್ನೂ ಬಾಕಿ ಇತ್ತು. ಅದೇ ಗೋಡೆಗೆ ಹೋಗಿ ನಿಂತು, ಆ ಹುಡುಗಿಗೆ ಕೊಟ್ಟ ಮಾತನ್ನು ಮುರಿದೆನೆಂದು ನನ್ನ ಸ್ವಂತ ದನಿಯಲ್ಲಿ ಹೇಳಿದೆ. ಯಾರೂ ನಗಲಿಲ್ಲ. ಜಯಪ್ಪನವರು ನೊಂದು ಕೇಳಿದರು: “ಪ್ರಾರ್ಥನಾ ಮಾಡಿದ್ದು ತಪ್ಪೇನೋ ತಮ್ಮಾ?”

“ಪ್ರಾರ್ಥನಾ ತಪ್ಪಲ್ರಿ ಪಾಸ್ಟರ್. ಹೆಸರು ಹಿಡಿದು ಕೂಗೂದು ತಪ್ಪು. ಅದನ್ನ ನಿಮ್ಮ ಬಾಯಾಗ ಹಾಕಿದಾಂವ ನಾನ.”

ಅವಧಿ ಮುಗಿದದ್ದೇ ಅವರು ಎಲ್ಲರಿಗಿಂತ ಮೊದಲು ಎದ್ದರು. ಬಳಿಕ ಬಾಗಿಲಲ್ಲಿ ನಿಂತು, ಹೊರಗೆ ಹೋಗುವ ಒಬ್ಬೊಬ್ಬರ ಕೈ ಹಿಡಿದು “ಈ ಮಾತು ಇಲ್ಲೇ ಬಿಟ್ಟು ಹೋಗ್ರಿ” ಎಂದು ಬೇಡಿಕೊಂಡರು. ಆದರೂ ಮಾತು ಮರುದಿನದ ಬಸ್ಸಿಗೇ ತಾಂಬಾಕ್ಕೆ ಹೋಯಿತು.

ಮನೆಯಲ್ಲಿ ಗದ್ದಲವಾಯಿತು. ಅಪ್ಪ ಅರ್ಜಿ ತುಂಬಿ ಸಹಿಗೆ ಮುಂದಿಟ್ಟನಂತೆ. ಎಸ್ತೇರ ಪೆನ್ನು ಮುಟ್ಟಲಿಲ್ಲ. ಮಾತಾಡಿದ್ದು ಅವ್ವ: “ಹರಕಿ ಹೊತ್ತಾಕಿ ನಾನು. ದೇವ್ರಿಗೆ ಬಾಕಿ ಇದ್ರ ನಾನ ಹೊಕ್ಕೇನಿ ಬೈಬಲ್ ಕಾಲೇಜಿಗೆ. ಟ್ರಂಕು ಕಟ್ಟಿಕೊಡ್ರಿ.” ಏಳನೇ ಇಯತ್ತೆಯವರೆಗೆ ಮಾತ್ರ ಶಾಲೆ ಕಲಿತ ಹೆಂಗಸು. ಅಪ್ಪ ಅರ್ಜಿಯನ್ನು ಮಡಚಿಟ್ಟ. ಎಸ್ತೇರ ಈಗ ವಿಜಯಪುರದ ಒಂದು ಲ್ಯಾಬಿನಲ್ಲಿ ಜನರ ರಕ್ತ ತೆಗೆಯುತ್ತಾಳೆ.

ಕೊನೆ ಒಳ್ಳೆಯದಾಯಿತು, ನನ್ನಿಂದಲ್ಲ. ತಾನೇ ಹೇಳಬೇಕೆಂದು ಧೈರ್ಯ ಕೂಡಿಸುತ್ತಿದ್ದವಳ ಕೈಯಿಂದ ಆ ಮಾತನ್ನು ನಾನು ಕಸಿದುಕೊಂಡಿದ್ದೆ. ಆಮೇಲೆ ಎದುರಾದಾಗಲೆಲ್ಲ ಅವಳು ವಂದನೆ ಹೇಳಿ ಮುಂದೆ ಹೋಗುತ್ತಿದ್ದಳು, ಅಷ್ಟೇ. ಮಕ್ಕಳು ಹೇಳಿದ್ದನ್ನು ಒಳ್ಳೆಯ ಉದ್ದೇಶಕ್ಕೂ ಬಳಸಬಾರದು, ಅವರನ್ನೇ ಕೇಳಬೇಕು; ಇಷ್ಟು ಸಾದಾ ಪಾಠವನ್ನು ನನಗೆ ಈ ಕೆಲಸ ಹೀಗೆ ಕಲಿಸಿತು.

ಅದಕ್ಕೆ ಇದನ್ನು ಬರೆದ ಮೇಲೆ ಮೊದಲು ಅವಳಿಗೇ ಕಳಿಸಿದೆ. ಎಂಟು ದಿನ ಉತ್ತರವಿಲ್ಲ. ಒಂಬತ್ತನೇ ದಿನ ಬರಹ ವಾಪಸು ಬಂತು. ಊರು ಬದಲಿಸಿದ್ದಳು, ಎಸ್ತೇರ ಎಂಬ ಹೆಸರನ್ನು ತಾನೇ ಆರಿಸಿದ್ದಳು, ಎರಡು ಸಾಲುಗಳನ್ನು ಹೊಡೆದುಹಾಕಿ ಕೆಳಗೆ ಬರೆದಿದ್ದಳು: “ಇವೆರಡು ಬ್ಯಾಡಣ್ಣಾ. ಉಳಿದದ್ದು ಹಾಕ್ರಿ.”

ಇಡೀ ಬರಹದಲ್ಲಿ ನನಗೆ ಬಹಳ ಹಿಡಿಸಿದ ಸಾಲುಗಳು ಅವೇ ಆಗಿದ್ದವು. ಅವು ಇಲ್ಲಿಲ್ಲ.